ಮೆಷಿನ್ ಬಿಚ್ಚಿಟ್ಟು ಕನ್ನಡ ಕಲಿಸ್ತೀರಾ?

ಶಾಲೆಗೆ ಹಿಯರಿಂಗ್ ಏಡ್ ಹಾಕಿಕೊಂಡು ಹೋಗೋ ಮಗು, ಮನಾಮಾದಲ್ಲಿ ರಾಜ್ಯೋತ್ಸವಕ್ಕೆ ಹೊರಟಾಗ ಮಾತ್ರ ಅದನ್ನು ಬಿಚ್ಚಿಡಬೇಕು. ಯಾಕ್ರೀ? ನೋಡಿದವರು ಏನಂದಾರು ಅಂತ ತಾನೇ? ನಿಮ್ಮ ಮೂಗಿನ ಮೇಲಿನ ಕನ್ನಡಕಕ್ಕಿಲ್ಲದ ನಾಚಿಕೆ ಮಗುವಿನ ಕಿವಿಗೇಕೆ?

ಮನೆಯಲ್ಲೂ ಸಂಜೆಯಾದರೆ ಮೆಷಿನ್ ಡಬ್ಬಿಗೆ. ಅಂದರೆ ಇಂಗ್ಲಿಷ್ ಕೇಳಿಸುತ್ತೆ, ಕನ್ನಡ ಕೇಳಿಸಲ್ಲ. ಆಮೇಲೆ "ಇವನಿಗೆ ಕನ್ನಡ ಹತ್ತಲ್ಲ" ಅಂತ ದೂರು! ಮನೆಗೆ, ಮನೆಯಿಂದ, ಮನೆಯಲ್ಲಿ: ಕನ್ನಡದ ಅರ್ಧ ಅರ್ಥ ಪದದ ಬಾಲದಲ್ಲಿದೆ. ಆ ಬಾಲ ಕಿವಿಗೆ ಬೀಳದಿದ್ದರೆ ಕಲಿಯೋದು ಹೇಗೆ?

ಇಲ್ಲಿನ ಬೆವರಿಗೆ ಮೆಷಿನ್ ಕೆಡುತ್ತೆ, ನಿಜ. ಅದಕ್ಕೇ ರಾತ್ರಿ ಇಡೋಕೆ ತೇವ ಹೀರುವ ಡಬ್ಬಿ ಇರೋದು. "ಒಂದೇ ಭಾಷೆ ಸಾಕು" ಅನ್ನುವವರನ್ನು ನಂಬಬೇಡಿ; ಚೆನ್ನಾಗಿ ಕೇಳಿಸಿದರೆ ಇಂಥ ಮಕ್ಕಳೂ ಎರಡು ಭಾಷೆ ಕಲಿಯುತ್ತಾರೆ. ರಜೆಗೆ ಊರಿಗೆ ಹೋದಾಗ, 1960ರ ದಶಕದಿಂದ ಇದೇ ಕೆಲಸದಲ್ಲಿರುವ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಕರೆದೊಯ್ಯಿರಿ. ಮೆಷಿನ್ ಹಾಕಿಸಿಯೇ.