ವಿಜಯಪುರದ ಊರಕೋಟೆ

ಸಾರವಾಡ, ಬಬಲೇಶ್ವರ, ಟಿಕೋಟಾಗಳ ಕಡೆಯಿಂದ ಕಚೇರಿಯ ಇಲ್ಲವೆ ಪೇಟೆಯ ಕೆಲಸಕ್ಕೆಂದು ವಿಜಯಪುರಕ್ಕೆ ಬರುವವರ ಕಣ್ಣು ಮೊದಲು ಅರಸುವುದು ಗೋಲಗುಮ್ಮಟವನ್ನು. ಅದಕ್ಕೆ ಕಾವಲುಂಟು, ತೋಟವುಂಟು, ದೇಶವಿದೇಶಗಳ ಪ್ರವಾಸಿಗಳುಂಟು. ಆದರೆ ಈ ಊರನ್ನು ಸುತ್ತುಗಟ್ಟಿ ನಿಂತ ಕೋಟೆಗೋಡೆಯನ್ನು ದಾಟಿ ಒಳಬರುವಾಗ ತಲೆಯೆತ್ತಿ ನೋಡುವವರು ವಿರಳ. ಅದರ ಕಂದಕ ಅಲ್ಲಲ್ಲಿ ಕಸದ ತಿಪ್ಪೆಯಾಗಿದೆ. ಗೋಡೆಯ ಸಂದುಗಳಲ್ಲಿ ಅರಳಿ ಆಲಗಳು ಬೇರೂರಿವೆ. ಗುಮ್ಮಟಗಳನ್ನು ಕಾಯ್ದರೆ ಸಾಕು, ಗೋಡೆ ತನ್ನಷ್ಟಕ್ಕೆ ನಿಂತೀತು ಎಂಬ ಭಾವನೆ ಜನರಲ್ಲಿಯೂ ಅಧಿಕಾರಿವರ್ಗದಲ್ಲಿಯೂ ನೆಲೆಸಿರುವಂತೆ ತೋರುತ್ತದೆ. ಇದು ತಪ್ಪೆಂದು ನಾವು ಸ್ಪಷ್ಟವಾಗಿ ಹೇಳಬಯಸುತ್ತೇವೆ.

ಈ ಕೋಟೆ ಸಾಮಾನ್ಯವಾದುದಲ್ಲ. ಒಂದನೆಯ ಅಲಿ ಆದಿಲಶಹನು 1565ರ ಸುಮಾರಿಗೆ ಮುಗಿಸಿದ ಇದರ ಸುತ್ತಳತೆ ಆರು ಮೈಲಿಗೂ ಮಿಕ್ಕಿದ್ದು, ಬುರುಜುಗಳು 96, ಎತ್ತರ 30ರಿಂದ 50 ಅಡಿ. ಸುಲ್ತಾನನು ಸರದಾರರಿಗೆ ಒಬ್ಬೊಬ್ಬರಿಗೆ ಒಂದೊಂದು ಭಾಗವನ್ನು ಹಂಚಿಕೊಟ್ಟು ಕಟ್ಟಿಸಿದನಂತೆ. ಒಂದು ಕಡೆಯ ಕೆಲಸ ಅಚ್ಚುಕಟ್ಟಾಗಿಯೂ ಇನ್ನೊಂದು ಕಡೆಯದು ಒರಟಾಗಿಯೂ ಇರುವುದಕ್ಕೆ ಇದೇ ಕಾರಣವೆನ್ನುತ್ತಾರೆ. (ಗುತ್ತಿಗೆ ಹಂಚುವ ಪದ್ಧತಿ ನಮ್ಮಲ್ಲಿ ಹೊಸದಲ್ಲವೆಂದಾಯಿತು!) ಔರಂಗಜೇಬನ ದಂಡು ಒಂದು ವರ್ಷಕ್ಕೂ ಮಿಗಿಲಾಗಿ ಮುತ್ತಿಗೆ ಹಾಕಿ ಕುಳಿತು, 1686ರ ಸಪ್ಟೆಂಬರದಲ್ಲಿ ಊರು ಶರಣಾಗತವಾದಾಗ, ಒಳಗಿನವರನ್ನು ಬಹುಮಟ್ಟಿಗೆ ಸೋಲಿಸಿದ್ದು ಹಸಿವು. ಅಂಥ ಗೋಡೆಯನ್ನು ಇಂದು ಕೆಡಹುತ್ತಿರುವುದು ಯಾವ ದಂಡೂ ಅಲ್ಲ, ಮಳೆನೀರು. ಹೊರಗೂ ಒಳಗೂ ಕಲ್ಲುಕಟ್ಟಡ, ನಡುವೆ ಮಣ್ಣಿನ ತುಂಬುವಿಕೆ, ಮೇಲೆ ಗಾರೆಯ ಹೊದಿಕೆ. ಇದು ಇಂಥ ಗೋಡೆಯ ರಚನೆ. ಹೊದಿಕೆ ಬಿರಿದರೆ ನೀರು ಒಳಗಿಳಿದು ಮಣ್ಣು ಉಬ್ಬುತ್ತದೆ. ಉಬ್ಬಿದ ಮಣ್ಣು ಮುಖದ ಕಲ್ಲುಗಳನ್ನು ಹೊರಕ್ಕೆ ನೂಕುತ್ತದೆ. ಬಿದ್ದ ಮೇಲೆ ಕಟ್ಟುವ ವೆಚ್ಚದ ಮುಂದೆ ಬಿರುಕು ಮುಚ್ಚುವ ವೆಚ್ಚ ಎಷ್ಟರದು?

ಯುರೋಪದ ಮಾತನ್ನೇ ಪ್ರಮಾಣವೆಂದು ಹಿಡಿಯುವ ವಿದ್ಯಾವಂತರು ರೋಮಿನ ಕಡೆಗೊಮ್ಮೆ ನೋಡಲಿ. ಚಕ್ರವರ್ತಿ ಆರೇಲಿಯನನು ಕ್ರಿ. ಶ. 271ರಲ್ಲಿ ತೊಡಗಿಸಿದ ಅಲ್ಲಿಯ ಊರಗೋಡೆ ಹನ್ನೆರಡು ಮೈಲಿ ಉದ್ದದ್ದು. ಅದರ ಬಹುಭಾಗ ಇನ್ನೂ ನಿಂತಿದೆ. ಅದರ ಒಂದು ಹೆಬ್ಬಾಗಿಲಲ್ಲಿ ಗೋಡೆಯ ಚರಿತ್ರೆಯನ್ನೇ ಹೇಳುವ ವಸ್ತುಸಂಗ್ರಹಾಲಯವುಂಟು. ಇಷ್ಟಾದರೂ 2001ರಲ್ಲಿ ಮಳೆಯ ಹೊಡೆತಕ್ಕೆ ಅದರ ಒಂದು ಭಾಗ ಕುಸಿದುಬಿದ್ದಿತು. ಕಾವಲಿದ್ದ ಗೋಡೆಯ ಗತಿಯೇ ಹೀಗಾದರೆ ಕಾವಲಿಲ್ಲದ್ದರ ಗತಿಯೇನು?

ಇದು ಸುಲ್ತಾನರ ಗೋಡೆ, ನಮಗೇತಕ್ಕೆ ಎನ್ನುವವರೂ ನಮ್ಮಲ್ಲಿಲ್ಲದಿಲ್ಲ. ಒಳಗಿನ ಅರಕಿಲ್ಲೆಯ ಬಾಗಿಲ ಬಳಿ ಹಳೆಯ ದೇಗುಲಗಳ ಕಂಬಗಳು ಕಾಣುವುದೂ ನಿಜ. ಆದರೆ ಪಾರಸಿಕರು ಹಿಂದೆಗೆದ ಮೇಲೆ ಕ್ರಿ. ಪೂ. 479ರಲ್ಲಿ ಅಥೆನ್ಸಿನವರು ಅವಸರದಿಂದ ಎಬ್ಬಿಸಿದ ಗೋಡೆಯಲ್ಲಿ ತಮ್ಮ ಪೂರ್ವಿಕರ ಗೋರಿಕಲ್ಲುಗಳನ್ನೇ ಇಟ್ಟು ಕಟ್ಟಿದರು. ಇಂದಿನ ಪಂಡಿತರು ಆ ಗೋಡೆಯಲ್ಲಿ ಎರಡೂ ಕಾಲಗಳನ್ನು ಓದುತ್ತಾರೆ. ನಮ್ಮ ಗೋಡೆಯ ಕಲ್ಲು ಈ ಸೀಮೆಯ ಕಲ್ಲು. ಹೊತ್ತವರ ಬೆವರೂ ಈ ನೆಲದ್ದೇ. ಪರಕೀಯನಾದ ಲಾರ್ಡ್ ಕರ್ಝನನು ಇದೇ ಊರಿನ ಮಸೀದಿಯೊಂದರಿಂದ ಡಾಕ್ ಬಂಗಲೆಯನ್ನು ಹೊರಡಿಸಿದನು. ಅವನಿಗೆ ಕಂಡ ಔಚಿತ್ಯ ಸ್ವತಂತ್ರ ಪ್ರಜೆಗಳಾದ ನಮಗೆ ಕಾಣಬೇಡವೇ?

ಇನ್ನು ಕಠಿಣವಾದ ಪ್ರಶ್ನೆ. 2010ರ ತಿದ್ದುಪಡಿಯಾದ ಕಾಯಿದೆಯಂತೆ ಸಂರಕ್ಷಿತ ಸ್ಮಾರಕದ ಸುತ್ತ ನೂರು ಮೀಟರಿನೊಳಗೆ ಹೊಸ ಕಟ್ಟಡ ಕೂಡದು; ಅದರಾಚೆಯ ಇನ್ನೂರು ಮೀಟರಿನಲ್ಲಿ ಅಪ್ಪಣೆಯಿಲ್ಲದೆ ಕೂಡದು. ಆರು ಮೈಲಿಯ ಗೋಡೆಯ ಎರಡೂ ಬದಿಗೆ ಈ ಗೆರೆಯನ್ನೆಳೆದರೆ ಎಷ್ಟು ಮನೆಗಳು ಅದರೊಳಗೆ ಸಿಕ್ಕಾವೆಂಬುದನ್ನು ವಾಚಕರೇ ಊಹಿಸಲಿ. ಇವರಲ್ಲಿ ತಲೆಮಾರುಗಳಿಂದ ಇರುವ ಬಡವರುಂಟು. ನಿನ್ನೆ ಮೊನ್ನೆ ವಶೀಲಿಯಿಂದ ಕಟ್ಟಿಕೊಂಡವರೂ ಇರಬಹುದು. ಇಬ್ಬರನ್ನೂ ಒಂದೇ ಕೋಲಿನಿಂದ ಹೊಡೆಯುವುದು ನ್ಯಾಯವಲ್ಲ. ಹಳೆಯ ಮನೆಯ ದುರಸ್ತಿಗೆ ಅಪ್ಪಣೆ ಪಡೆಯಲು ಕಾಯಿದೆಯಲ್ಲಿಯೇ ಎಡೆಯುಂಟು. ಆದರೆ ಸೋರುವ ಮಾಳಿಗೆಯ ಒಡೆಯನು ಆ ಅರ್ಜಿಯನ್ನು ಹಿಡಿದು ಎಷ್ಟು ಬಾಗಿಲು ತಿರುಗಬೇಕು? ಅಪ್ಪಣೆ ದುರ್ಲಭವಾದಲ್ಲಿ ಜನ ರಾತ್ರಿಯಲ್ಲಿ ಕಟ್ಟುತ್ತಾರೆ. ಆಗ ಕಾಯಿದೆಯೂ ಕೆಡುತ್ತದೆ, ಗೋಡೆಯೂ ಕೆಡುತ್ತದೆ.

ಆದುದರಿಂದ ಪ್ರಾಚ್ಯವಸ್ತು ಇಲಾಖೆಯೂ ಮಹಾನಗರ ಪಾಲಿಕೆಯೂ ಕೂಡಿ ಕೋಟೆಯನ್ನು ಬುರುಜು ಬುರುಜಾಗಿ ಅಳೆದು, ನಕಾಶೆಯನ್ನು ಕನ್ನಡದಲ್ಲಿ ಅಚ್ಚು ಹಾಕಿಸಿ ಪ್ರತಿಯೊಂದು ವಾರ್ಡಿನಲ್ಲಿ ತೂಗಹಾಕಲಿ. ದುರಸ್ತಿಯ ಅರ್ಜಿಗಳನ್ನು ವಿಜಯಪುರದಲ್ಲಿಯೇ ಸ್ವೀಕರಿಸಿ ಗೊತ್ತಾದ ಅವಧಿಯೊಳಗೆ ಉತ್ತರ ಕೊಡುವ ಏರ್ಪಾಡಾಗಲಿ. ತೆರವು ಮಾಡಲೇಬೇಕಾದ ಬಡವರ ಮನೆಗಳಿದ್ದರೆ ಮೊದಲು ಬದಲಿ ನಿವೇಶನ, ಅನಂತರ ತೆರವು. ತಾಜ್ ಬಾವಡಿಯ ಹೂಳು ತೆಗೆಯಿಸಿದ ಊರಿಗೆ ಕಂದಕದ ಕಸ ಎತ್ತಿಸುವುದು ಅಸಾಧ್ಯವಲ್ಲ. ದಖ್ಖನದ ಸುಲ್ತಾನರ ಸ್ಮಾರಕಗಳು 2014ರಲ್ಲಿ ಯುನೆಸ್ಕೋದ ತಾತ್ಕಾಲಿಕ ಪಟ್ಟಿಗೆ ಸೇರಿದಾಗ ವಿಜಯಪುರವೂ ಅವುಗಳಲ್ಲಿತ್ತು. ಪರೀಕ್ಷಕರು ಬಂದರೆ ಗುಮ್ಮಟವನ್ನಷ್ಟೇ ನೋಡಿ ಹೋಗುವರೆಂದು ನಂಬುವಂತಿಲ್ಲ. ಅರಳಿಯ ಬೇರು ಕೀಳುವ ಮತ್ತು ಬಿರುಕಿಗೆ ಗಾರೆ ತುಂಬುವ ಕೆಲಸವಾದರೂ ಬರುವ ಮುಂಗಾರಿನ ಮೊದಲೇ ಆರಂಭವಾಗಬೇಕು.