ಲಕ್ಷದ ಲೆಕ್ಕ ಮತ್ತು ಸೂರಿಲ್ಲದವರು

ನಿರ್ಗತಿಕರಿಗೆ ಸೂರು ಒದಗಿಸುವುದು ದಾನಿಗಳ ಕಾರ್ಯ, ತೆರಿಗೆಯ ಹಣದ್ದಲ್ಲ ಎಂದು ನಮ್ಮ ವರ್ತಕ ಬಂಧುಗಳು ವಾದಿಸುವುದುಂಟು. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಆಹಾರ, ಔಷಧ, ಉಪಕರಣಗಳೊಡನೆ ಆವಾಸವನ್ನೂ ದಾನದಲ್ಲಿ ಎಣಿಸಿದ್ದಾರೆ, ನಿಜ. ಆದರೆ ದಾನವು ದಾತೃವಿನ ಇಚ್ಛೆ. ಬಸ್ ನಿಲ್ದಾಣದಲ್ಲಿ ಮಲಗಿದವನು ಮಳೆಗಾಲದ ರಾತ್ರಿ ಅದಕ್ಕಾಗಿ ಕಾಯಲಾರ.

ಸರ್ಕಾರದ ಲೆಕ್ಕವಾದರೂ ನೇರವಾಗಿದೆಯೇ? 2013ರ ರಾಷ್ಟ್ರೀಯ ನಗರ ಜೀವನೋಪಾಯ ಅಭಿಯಾನವು ಲಕ್ಷ ಜನಸಂಖ್ಯೆಗೆ ಕನಿಷ್ಠ ನೂರು ಮಂದಿಯ ಆಶ್ರಯವನ್ನು ವಿಧಿಸಿತು. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಪಟ್ಟಣಗಳಲ್ಲಿ ಒಂದೂ 2011ರ ಜನಗಣತಿಯಲ್ಲಿ ಲಕ್ಷ ಮುಟ್ಟಿಲ್ಲ. ಐದನ್ನೂ ಕೂಡಿಸಿದರೆ ಲಕ್ಷ ಮೀರುತ್ತದೆ! 2021ರಿಂದ ಐದೂ ವಿಜಯನಗರ ಜಿಲ್ಲೆಯವೇ ಆಗಿರುವಾಗ ಕೂಡಿಸಿ ಬರೆಯಲು ಅಡ್ಡಿಯೇನು? ಜಿಲ್ಲಾಡಳಿತವು ಆಯವ್ಯಯಕ್ಕೆ ಮುನ್ನ ಒಂದು ರಾತ್ರಿ ನಿಲ್ದಾಣಗಳಲ್ಲಿ ಎಣಿಕೆ ಮಾಡಿಸಲಿ. ತೆರಿಗೆ ಕಟ್ಟುವ ನಾವೇ ಅದನ್ನು ಕೇಳಬೇಕು.