ದೋಷ ಪೆಟ್ರೋಲಿನದ್ದೋ, ಕಾರಿನದ್ದೋ?

ಸಮೀರವಾಡಿಯಲ್ಲಿ ಕಬ್ಬಿನ ಸೀಸನ್ ಬಂತೆಂದರೆ ರಸ್ತೆಯಲ್ಲಿ ಟ್ರ್ಯಾಕ್ಟರ್‌ಗಳದ್ದೇ ದರ್ಬಾರು. ಇಲ್ಲಿನ ಗೋದಾವರಿ ಕಾರ್ಖಾನೆಯಲ್ಲಿ ಸಕ್ಕರೆ ಮಾತ್ರವಲ್ಲ, ಎಥೆನಾಲ್ ಕೂಡ ತಯಾರಾಗುತ್ತದೆ. ಇಂತಹ ಕಾರ್ಖಾನೆಗಳ ಎಥೆನಾಲೇ ನಮ್ಮ ಕರಾವಳಿಯ ಪಂಪುಗಳಲ್ಲೂ ಇರುವುದು. ಇ-20 ಪೆಟ್ರೋಲ್ ಐದು ಲೀಟರ್ ಹಾಕಿಸಿದರೆ ಒಂದು ಲೀಟರ್ ಅದೇ. ಕಬ್ಬಿನ ರೈತನಿಗೆ ಇದರಿಂದ ಬಾಕಿ ಹಣ ಬೇಗ ಸಿಗುವುದಾದರೆ ನಮ್ಮದೇನೂ ತಕರಾರಿಲ್ಲ. ನಾವು ಕೇಳುವುದು ಹಳೇ ಕಾರಿನವರ ಗತಿ ಏನು ಅಂತ.

ನಮ್ಮ ಎಷ್ಟೋ ಮನೆಗಳ ಅಂಗಳದಲ್ಲಿ ಇರುವುದು ಹತ್ತು-ಹದಿನೈದು ವರ್ಷದ ಆಲ್ಟೊ, ಓಮ್ನಿ. ಎಥೆನಾಲಿನಲ್ಲಿ ಪೆಟ್ರೋಲಿಗಿಂತ ಸುಮಾರು ಮೂರರಲ್ಲಿ ಒಂದು ಪಾಲು ಶಕ್ತಿ ಕಡಿಮೆ. ಮೈಲೇಜ್ ಇಳಿಯದೆ ಇರುತ್ತದಾ? ಹಳೇ ಮಾದರಿಯ ಕಾರುಗಳಲ್ಲಿ ಶೇ. 6ರಿಂದ 7ರಷ್ಟು ಇಳಿಯಬಹುದೆಂದು ನೀತಿ ಆಯೋಗದ 2021ರ ವರದಿಯೇ ಹೇಳಿತ್ತು. ಹಾಗಾಗಿ ಇದರ ಬೆಲೆ ಸಾಮಾನ್ಯ ಪೆಟ್ರೋಲಿಗಿಂತ ಕಡಿಮೆ ಇರಬೇಕು ಎಂದೂ ಹೇಳಿತ್ತು. ಕಡಿಮೆಯಾಯಿತಾ? ಈಗ ಎಥೆನಾಲೇ ದುಬಾರಿ ಎಂದು 2025ರ ಆಗಸ್ಟ್‌ನಲ್ಲಿ ಸರಕಾರದ ಉತ್ತರ ಬಂತು. ಕೆಲವು ಹಳೇ ವಾಹನಗಳಲ್ಲಿ 20ರಿಂದ 30 ಸಾವಿರ ಕಿ.ಮೀ. ಓಡಿದ ಮೇಲೆ ರಬ್ಬರ್ ಭಾಗಗಳನ್ನು ಬದಲಿಸಬೇಕಾದೀತು, ಖರ್ಚು ಹೆಚ್ಚೇನಿಲ್ಲ ಎಂದೂ ಹೇಳಿತು. ಹೆಚ್ಚೋ ಕಡಿಮೆಯೋ, ಅದು ಮಾಲಕನ ಕಿಸೆಯಿಂದಲೇ ಹೋಗಬೇಕಲ್ಲ! ಎಥೆನಾಲ್ ಇಲ್ಲದ ಪೆಟ್ರೋಲೂ ಸಿಗಲಿ ಎಂಬ ಅರ್ಜಿಯನ್ನು ಸುಪ್ರೀಂ ಕೋರ್ಟ್ ಸೆಪ್ಟೆಂಬರ್ 1ರಂದು ವಜಾ ಮಾಡಿತು.

ಲೆಕ್ಕ ಹಾಕಿ ನೋಡಿ. ಕಾರ್ಖಾನೆಗೆ ಖಾಯಂ ಗಿರಾಕಿ ಸಿಕ್ಕಿತು. ಕಾರು ಕಂಪೆನಿಗೆ ಬೇಕಾದ್ದು ಹೊಸ ಕಾರಿನ ಮಾರಾಟ. ಡೀಲರ್‌ಗೆ ವಿಮೆಯ ಕಮಿಷನ್, ಸ್ಪೇರ್ ಪಾರ್ಟ್ಸ್, ಕೂಲಿ ಎಲ್ಲದರಲ್ಲೂ ಲಾಭ ಉಂಟು. ನಿಮ್ಮ ಹಳೇ ಕಾರು ದಾರಿಯಲ್ಲಿ ನಿಂತರೆ ಇವರಲ್ಲಿ ಯಾರಿಗೂ ನಷ್ಟವಿಲ್ಲ. ಅದಕ್ಕೇ ಸರ್ವಿಸಿನವರು ಪೆಟ್ರೋಲ್ ಸರಿಯಿಲ್ಲ ಎಂದರೆ, ಪಂಪಿನವರು ಕಾರು ಸರಿಯಿಲ್ಲ ಎನ್ನುತ್ತಾರೆ.

ಡೀಲರ್‌ನ ಹೆಸರನ್ನು ಶೋರೂಮಿನ ಎ.ಸಿ., ಜ್ಯೂಸ್ ನೋಡಿ ಅಳೆಯಬೇಡಿ. ನಿಮ್ಮ ಮಾದರಿಗೆ ಇ-20 ಆಗುತ್ತದೋ, ಪೈಪು-ಪಂಪು ಹೋದರೆ ವಾರಂಟಿ ಉಂಟೋ ಎಂದು ಕೇಳಿ. ಉತ್ತರವನ್ನು ಕಾಗದದಲ್ಲಿ ಬರೆಸಿಕೊಳ್ಳಿ. ಬರೆದು ಕೊಡುವವನೇ ನಂಬಿಗಸ್ತ. ಕಾರಿನ ಜೊತೆ ಬಂದ ಪುಸ್ತಕದಲ್ಲೂ ಇ-10 ಅಥವಾ ಇ-20 ಎಂದು ಇರುತ್ತದೆ, ಓದುವವರು ಯಾರು ಹೇಳಿ!

ಇನ್ನು ಹಳೇ ಕಾರು ಮಾರುವ ನಮ್ಮವರಿಗೂ ಒಂದು ಮಾತು. ಗೊತ್ತಿರುವ ಐಬನ್ನು ಮುಚ್ಚಿಟ್ಟು ಮಾರಿದರೆ ವಾಪಸ್ ಕೊಡುವ ಹಕ್ಕು ಕೊಂಡವನಿಗೆ ಉಂಟು ಎಂಬುದು ಫಿಕ್‌ಹ್‌ನ ಪಾಠ. ಮೇಲೆ ಒಣ ಧಾನ್ಯ, ಅಡಿಯಲ್ಲಿ ಒದ್ದೆ ಇಟ್ಟಿದ್ದ ವ್ಯಾಪಾರಿಯ ರಾಶಿಗೆ ಪ್ರವಾದಿಯವರು (ಸ.ಅ.) ಕೈ ಹಾಕಿ ನೋಡಿದ್ದು ಮದ್ರಸದ ಮಕ್ಕಳಿಗೂ ಗೊತ್ತು. ಮೀಟರ್ ಹಿಂದೆ ತಿರುಗಿಸುವುದು ಅದಕ್ಕಿಂತ ಬೇರೆಯೇನಲ್ಲ.

ಜಾಬ್ ಕಾರ್ಡ್, ಬಿಲ್ಲುಗಳನ್ನು ಬಿಸಾಡಬೇಡಿ. ಡೀಲರ್ ಕೈ ಎತ್ತಿದರೆ ಜಿಲ್ಲಾ ಗ್ರಾಹಕರ ಆಯೋಗ ಇದೆ. ಕೊಟ್ಟ ಬೆಲೆ 5 ಲಕ್ಷ ರೂ. ಒಳಗಿದ್ದರೆ ದೂರಿಗೆ ಶುಲ್ಕವಿಲ್ಲ, ವಕೀಲರೇ ಬೇಕೆಂದೂ ಇಲ್ಲ.